ಮಾವನ ಎದೆಯ ಮೇಲಿನ ಗೆರೆಗಳು

ನಮ್ಮ ಮಾವನದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಅಂಥ ಅಂಗಡಿಗಳು ಊರಲ್ಲಿ ಬೇಕಾದಷ್ಟಿವೆ. ಆದರೆ ಬೇರೆಯವರು ಕೈಚೆಲ್ಲಿದ ಕಲೆಗಳೆಲ್ಲ ಕೊನೆಗೆ ನಮ್ಮ ಅಂಗಡಿಗೇ ಬರುತ್ತವೆ. ಶಾಯಿ, ಗ್ರೀಸು, ತುಕ್ಕು, ಹಣ್ಣಿನ ರಸ, ಯಾವುದೇ ಆಗಲಿ, ಮಾವ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೇ ಪ್ರಶ್ನೆ ಕೇಳುತ್ತಾರೆ. "ಏನು ಚೆಲ್ಲಿದ್ದು? ಯಾವಾಗ ಚೆಲ್ಲಿದ್ದು?" ಸುಳ್ಳು ಹೇಳಿದರೆ ಬಟ್ಟೆ ವಾಪಸ್. ಒಮ್ಮೆ ಟೈ ಕಟ್ಟಿದ ದೊಡ್ಡ ಮನುಷ್ಯರೊಬ್ಬರು ಕಾಲರಿನ ಮೇಲಿದ್ದ ಕೆಂಪು ಕಲೆ ತೋರಿಸಿ "ಟೊಮೇಟೊ ಸಾಸು" ಅಂದರು. ಮಾವ ಅದನ್ನೊಮ್ಮೆ ಮೂಸಿದರು. "ಸಾಸಿಗೆ ಹಾಕೋದನ್ನ ಇದಕ್ಕೆ ಹಾಕಿದ್ರೆ ಇನ್ನೂ ಹರಡುತ್ತೆ ಸಾರ್. ಸರಿಯಾಗಿ ಹೇಳಿಬಿಡಿ, ನಾನೇನು ನಿಮ್ಮ ಮನೆಗೆ ಫೋನ್ ಮಾಡಲ್ಲ" ಎಂದರು. ಆ ಮನುಷ್ಯ ಆಚೀಚೆ ನೋಡಿ, ದನಿ ತಗ್ಗಿಸಿ ನಿಜ ಹೇಳಿದ. ಮಾರನೆಯ ದಿನ ಅಂಗಿ ಬೆಳ್ಳಗೆ ಬೆಳಗುತ್ತ ಅವನ ಮನೆ ಸೇರಿತು.

ನಾನು ಈ ಮನೆಗೆ ಸೊಸೆಯಾಗಿ ಬಂದವಳು. ನನ್ನ ಗಂಡ ಸರಕು ಲಾರಿ ಓಡಿಸುತ್ತಾನೆ, ವಾರಕ್ಕೊಮ್ಮೆ ಮನೆಯಲ್ಲಿ ಕಂಡರೆ ಹೆಚ್ಚು. ಹಾಗಾಗಿ ಅಂಗಡಿಯಲ್ಲಿ ಗಿರಾಕಿಗಳ ಹತ್ತಿರ ಮಾತಾಡುವ ಕೆಲಸ ನನ್ನದು, ಒಳಗಿನ ಕೆಲಸ ಮಾವನದು, ಇಬ್ಬರನ್ನೂ ಬೈಯುವ ಕೆಲಸ ಅತ್ತೆಯದು. ಹೊಸದರಲ್ಲಿ ಮಾವನನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ನಾನು ಮಡಿಸಿಟ್ಟ ಬಟ್ಟೆಯನ್ನು ತುಟಿ ಪಿಟಕ್ಕೆನ್ನದೆ ಬಿಚ್ಚಿ ಮತ್ತೆ ಮಡಿಸುತ್ತಿದ್ದರು. ನಾನು ಬಟ್ಟೆಗೆ ಗುರುತು ಹಾಕಿದರೆ ಅದರ ಮೇಲೊಂದು ಗೆರೆ ಎಳೆದು ಪಕ್ಕದಲ್ಲಿ ತಾವೇ ಬರೆಯುತ್ತಿದ್ದರು. ಯಾರ ಬಟ್ಟೆ ಯಾವುದೆಂದು ತಿಳಿಯಲು ಪ್ರತಿಯೊಂದಕ್ಕೂ ಒಳಪಟ್ಟಿಯಲ್ಲಿ ಸಣ್ಣ ಗುರುತು ಹಾಕಬೇಕು. ಅದಕ್ಕೇ ಒಂದು ಪೆನ್ನು ಇದೆ, ಎಷ್ಟು ಒಗೆದರೂ ಹೋಗದ ಕರಿ ಶಾಯಿಯದು. ಮಾವನ ಗುರುತೆಂದರೆ ಅಚ್ಚು ಹಾಕಿದ ಹಾಗೆ. ಆ ಪೆನ್ನು ಸದಾ ಅವರ ಎಡಗಡೆಯ ಜೇಬಿನಲ್ಲೇ ಇರುತ್ತಿತ್ತು.

ಆ ಪೆನ್ನೇ ಮೊದಲು ಸುದ್ದಿ ತಂದದ್ದು. ಜೇಬಿಗೆ ಸಿಕ್ಕಿಸುವಾಗಲೆಲ್ಲ ಕೆಳಗೆ ಏನೋ ಗಟ್ಟಿಯಾಗಿ ತಗಲುತ್ತದೆ ಎಂದು ಮಾವನಿಗೆ ಅನ್ನಿಸಿತಂತೆ. ಮುಟ್ಟಿ ನೋಡಿಕೊಂಡರೆ ಮೊಲೆತೊಟ್ಟಿನ ಹಿಂದೆ ಒಂದು ಗಂಟು. ನೋವಿಲ್ಲ, ಉರಿಯಿಲ್ಲ. ಇಸ್ತ್ರಿ ಮೇಜಿಗೆ ಬಾಗಿ ಬಾಗಿ ಆದದ್ದು ಎಂದು ತಾವೇ ತೀರ್ಮಾನ ಮಾಡಿಕೊಂಡು ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸತೊಡಗಿದರು. ತೊಟ್ಟು ಒಳಕ್ಕೆ ಎಳೆದುಕೊಂಡಾಗ ಅತ್ತೆಯ ಕಣ್ಣಿಗೆ ಬಿತ್ತು. ಅತ್ತೆ ಅಂಗಡಿಗೆ ಬಂದವರೇ ನನ್ನನ್ನು ಪಕ್ಕಕ್ಕೆ ಕರೆದರು. "ನಿನ್ನ ಮಾವನ್ನ ಡಾಕ್ಟರ ಹತ್ರ ಎಳ್ಕೊಂಡು ಹೋಗು. ನಾನು ಹೇಳಿದ್ರೆ ಕಿವಿ ಮೇಲೆ ಹಾಕ್ಕೊಳ್ಳಲ್ಲ. ನಿನ್ನ ಬಾಯಿಗೆ ಹೆದರ್ತಾರೆ."

ನನ್ನ ಬಾಯಿಗೆ ಅವರು ಹೆದರುತ್ತಾರೆಂಬ ಸಂಗತಿ ನನಗೆ ಗೊತ್ತಾದದ್ದೇ ಅವತ್ತು.

ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಗಂಟನ್ನು ಮುಟ್ಟಿ ನೋಡಿದರು, ಕಂಕುಳನ್ನೂ ಒತ್ತಿ ನೋಡಿದರು. ಸ್ಕ್ಯಾನ್ ಮಾಡಿಸಿ, ಸೂಜಿಯಿಂದ ಗಂಟಿನ ಚೂರು ತೆಗೆದರು. ಹಾಗೆ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವುದಕ್ಕೆ ಬಯಾಪ್ಸಿ ಅನ್ನುತ್ತಾರೆ. ವರದಿ ಬಂದ ದಿನ ನಾವಿಬ್ಬರೂ ಅವರ ಮುಂದೆ ಕೂತಿದ್ದೆವು. ಡಾಕ್ಟರಮ್ಮ ಮೊದಲು ನನ್ನ ಮುಖ ನೋಡಿದರು. ಅದನ್ನು ಮಾವ ಗಮನಿಸಿದರು.

"ಮೇಡಂ, ಅವಳನ್ನಲ್ಲ, ನನ್ನನ್ನ ನೋಡಿ ಹೇಳಿ. ಇದರ ಹೆಸರೇನು?"

ಡಾಕ್ಟರಮ್ಮ ಕುರ್ಚಿ ತಿರುಗಿಸಿಕೊಂಡು ಅವರ ಕಡೆಗೇ ಕೂತರು. "ಗಡ್ಡೆಗಳಲ್ಲಿ ಎರಡು ಥರ. ಬಿನೈನ್ ಅಂತೀವಿ, ಅದು ಇದ್ದ ಜಾಗದಲ್ಲೇ ಬೆಳೆಯುತ್ತೆ, ಅಕ್ಕಪಕ್ಕಕ್ಕೆ ನುಗ್ಗಲ್ಲ. ಮ್ಯಾಲಿಗ್ನಂಟ್ ಅಂದ್ರೆ ನುಗ್ಗುತ್ತೆ, ಹರಡುತ್ತೆ. ಅದಕ್ಕೇ ಕ್ಯಾನ್ಸರ್ ಅನ್ನೋದು. ನಿಮ್ಮದು ಎರಡನೇದು. ಸ್ತನ ಕ್ಯಾನ್ಸರ್."

ಮಾವ ಮೇಜಿನ ಮೇಲಿದ್ದ ಗಾಜಿನ ಲೋಟವನ್ನು ಆಚೆ ಸರಿಸಿದರು.

"ಗಂಡಸಿಗೂ ಬರುತ್ತಾ?"

"ಅಪರೂಪ. ಆದ್ರೆ ಬರುತ್ತೆ. ಗಂಡಸರಿಗೂ ಅಲ್ಲಿ ಸ್ವಲ್ಪ ಅದೇ ಥರದ ಅಂಗಾಂಶ ಇರುತ್ತೆ. ನೀವೇನೂ ತಪ್ಪು ಮಾಡಿದ್ದಕ್ಕೆ ಬಂದಿದ್ದಲ್ಲ."

ಆಮೇಲೆ ಮಾವನ ಪ್ರಶ್ನೆಗಳು ಶುರುವಾದವು. ಹೊರಗೆ ಸಾಲು ಬೆಳೆಯುತ್ತಿತ್ತು, ನನಗೆ ಮುಜುಗರ. ಡಾಕ್ಟರಮ್ಮ ಮಾತ್ರ ಒಂದಕ್ಕೂ ಹುಬ್ಬು ಗಂಟಿಕ್ಕಲಿಲ್ಲ. ಸ್ಟೇಜ್ ಬೇರೆ, ಗ್ರೇಡ್ ಬೇರೆ ಎಂದು ನನಗೂ ಅವತ್ತೇ ತಿಳಿದದ್ದು. ಗಡ್ಡೆ ಎಷ್ಟು ದೊಡ್ಡದು, ಎಲ್ಲಿಯವರೆಗೆ ಹರಡಿದೆ ಎನ್ನುವುದು ಸ್ಟೇಜ್. ಅದರ ಕೋಶಗಳು ನೋಡಲು ಎಷ್ಟು ಕೆಟ್ಟಿವೆ, ಎಷ್ಟು ಬೇಗ ಬೆಳೆಯುವ ಸ್ವಭಾವದವು ಎನ್ನುವುದು ಗ್ರೇಡ್.

"ಕಲೆ ಎಷ್ಟಗಲ ಅನ್ನೋದು ಬೇರೆ, ಎಷ್ಟು ಹಠಮಾರಿ ಅನ್ನೋದು ಬೇರೆ ಅಂತಾಯ್ತು" ಎಂದರು ಮಾವ.

"ಹಾಗೇ ಅಂದ್ಕೊಳ್ಳಿ. ನಿಮ್ಮದು ಎರಡನೇ ಸ್ಟೇಜು. ಎಲುಬಿಗೋ ಶ್ವಾಸಕೋಶಕ್ಕೋ ಹೋಗಿ ಅಲ್ಲಿ ಬೇರು ಬಿಟ್ಟಿದ್ರೆ ಮೆಟಾಸ್ಟಾಸಿಸ್ ಅಂತಿದ್ವಿ. ಸ್ಕ್ಯಾನಲ್ಲಿ ಅದು ಎಲ್ಲೂ ಕಂಡಿಲ್ಲ. ಗುಣ ಮಾಡಬೇಕು ಅಂತಲೇ ಚಿಕಿತ್ಸೆ ಕೊಡ್ತೀವಿ."

ಆ ಕೊನೆಯ ಮಾತನ್ನು ಹಿಡಿದುಕೊಂಡು ನಾವು ಮನೆಗೆ ಬಂದೆವು. ಅತ್ತೆ ಅಡುಗೆಮನೆಯ ಬಾಗಿಲಲ್ಲೇ ಕುಸಿದು ಕೂತರು. ಬಂದ ನೆಂಟರೆಲ್ಲ ಅದನ್ನು "ಆ ಕಾಯಿಲೆ" ಅನ್ನುತ್ತಿದ್ದರು. "ಆ ಕಾಯಿಲೆ ಅಂದ್ರೆ ಯಾವುದು? ಹೆಸರಿಲ್ವಾ ಅದಕ್ಕೆ?" ಎಂದು ಮಾವ ಅವರ ಮೇಲೆ ರೇಗುತ್ತಿದ್ದರು. ಮನೆಯೊಳಗೆ ಇಷ್ಟು ಶೂರರಾದ ಮನುಷ್ಯ ಅಂಗಡಿಗೆ ಬಂದರೆ ಬೇರೆಯದೇ ರಾಗ. ಗಿರಾಕಿಗಳಿಗೆ "ಎದೆಯಲ್ಲಿ ಏನೋ ಸ್ವಲ್ಪ ತೊಂದರೆ" ಎಂದು ಹೇಳಿ ಕಪಾಟಿನ ಕಡೆ ತಿರುಗಿಬಿಡುತ್ತಿದ್ದರು. ಎಲ್ಲರೂ ಅದು ಹೃದಯದ ಕಾಯಿಲೆಯೆಂದೇ ತಿಳಿದರು. ಎದುರಿನ ಚಪ್ಪಲಿ ರಿಪೇರಿಯವನು ದಿನಾ ಬಂದು ಎಣ್ಣೆ ಕಡಿಮೆ ಮಾಡಿ, ಬೆಳಗ್ಗೆ ಎದ್ದು ನಡೀರಿ ಎಂದು ಉಪದೇಶ ಮಾಡುತ್ತಿದ್ದ. ಮಾವ ಗೋಣು ಹಾಕುತ್ತಿದ್ದರು.

ಆಪರೇಷನ್ ಆಯಿತು. ಎಡಗಡೆಯದನ್ನು ಪೂರ್ತಿ ತೆಗೆದರು. ತೆಗೆದ ಮಾಂಸದ ಅಂಚನ್ನೆಲ್ಲ ಪರೀಕ್ಷೆ ಮಾಡುತ್ತಾರೆ. ಅಂಚಿನಲ್ಲಿ ಕ್ಯಾನ್ಸರ್ ಕೋಶ ಇಲ್ಲದಿದ್ದರೆ ಮಾರ್ಜಿನ್ ಕ್ಲಿಯರ್ ಎಂದರ್ಥ. ಮಾವನದು ಕ್ಲಿಯರ್ ಇತ್ತು. ಆದರೆ ಕಂಕುಳಿನ ಲಿಂಫ್ ಗಂಟುಗಳಲ್ಲಿ, ಅಂದರೆ ಸೋಂಕು ಸೋಸುವ ಸಣ್ಣ ಗಂಟುಗಳಲ್ಲಿ, ಕೆಲವನ್ನು ಕಾಯಿಲೆ ತಲುಪಿತ್ತು. ಹಾಗಾಗಿ ಕೀಮೋ ಬೇಕು, ಆಮೇಲೆ ರೇಡಿಯೇಷನ್ ಬೇಕು ಎಂದರು. "ಕೀಮೋ ಅಂದ್ರೆ ರಕ್ತದ ಜೊತೆ ಮೈಯೆಲ್ಲ ಸುತ್ತೋ ಔಷಧಿ. ಕಣ್ಣಿಗೆ ಕಾಣದೆ ಎಲ್ಲಾದ್ರೂ ಅಡಗಿದ್ರೆ ಹುಡುಕಿ ಕೊಲ್ಲೋಕೆ. ರೇಡಿಯೇಷನ್ ಅಂದ್ರೆ ಒಂದೇ ಜಾಗಕ್ಕೆ ಗುರಿ ಇಟ್ಟು ಬಿಡೋ ಕಿರಣ" ಎಂದು ಡಾಕ್ಟರಮ್ಮ ವಿವರಿಸಿದರು.

ಸ್ತನ ಕ್ಯಾನ್ಸರಿನವರಿಗೆ ಕೀಮೋ ಹಾಕುವ ವಾರ್ಡಿನ ಹೊರಗೆ ಒಂದು ಉದ್ದನೆಯ ಹಾಲ್ ಇದೆ. ಅಲ್ಲಿ ಕಾಯುತ್ತಿದ್ದ ರೋಗಿಗಳೆಲ್ಲ ಹೆಂಗಸರು. ಮೊದಲ ದಿನ ಪಕ್ಕದಲ್ಲಿದ್ದ ಒಬ್ಬಾಕೆ ಮಾವನನ್ನು ನೋಡಿ ಮರುಕದಿಂದ, "ಮನೆಯವರು ಒಳಗಿದ್ದಾರಾ ಅಣ್ಣಾ?" ಎಂದು ಕೇಳಿದರು. ಮಾವ "ಹೂಂ" ಅಂದುಬಿಟ್ಟರು. ಅತ್ತೆ ಮನೆಯಲ್ಲಿ ಗುಂಡುಕಲ್ಲಿನ ಹಾಗೆ ಇದ್ದಾರೆ, ಇಲ್ಲಿ ಈ ಮನುಷ್ಯ ಅವರನ್ನು ಕೀಮೋಗೆ ಮಲಗಿಸಿದ್ದಾರೆ! ನಾನು ಬಾಯಿ ಬಿಡುವಷ್ಟರಲ್ಲಿ ನರ್ಸ್ ಬಾಗಿಲಿಗೆ ಬಂದು ಮಾವನ ಹೆಸರನ್ನೇ ಗಟ್ಟಿಯಾಗಿ ಕೂಗಿದರು. ಮಾವ ಕಳ್ಳನಂತೆ ಎದ್ದು ಒಳಗೆ ಹೋದರು. ಆ ಹೆಂಗಸು ಒಂದು ಕ್ಷಣ ಕಣ್ಣು ಬಿಟ್ಟುಕೊಂಡು ನೋಡಿದರು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ನಕ್ಕರು.

ಆದರೆ ಆ ಹೆಂಗಸರ ಋಣ ನಾವು ಯಾವತ್ತೂ ತೀರಿಸಲಾರೆವು. ಎರಡನೆಯ ಸಲ ಹೋದಾಗ ಮಾವನಿಗೆ ಫ್ಯಾನಿನ ಕೆಳಗಿನ ಜಾಗ ಬಿಟ್ಟುಕೊಟ್ಟರು. ವಾಂತಿ ಬಂದಾಗ ಏನು ಮಾಡಬೇಕು, ಬಾಯಿ ಹುಣ್ಣಾದರೆ ಏನು ತಿನ್ನಬೇಕು, ಕೀಮೋಗೆ ಮುಂಚೆ ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ ಕಡಿಮೆ ಬಂದರೆ ಯಾಕೆ ವಾಪಸ್ ಕಳಿಸುತ್ತಾರೆ, ಎಲ್ಲವನ್ನೂ ಅವರೇ ಹೇಳಿಕೊಟ್ಟರು. ಮಾವನ ತಲೆಗೂದಲು ಉದುರಿದಾಗ "ಈಗ ನಮ್ಮ ಪೈಕಿ ಆದ್ರಿ ಅಣ್ಣಾ" ಎಂದು ಚುಡಾಯಿಸಿದರು. ಮಾವ ನಕ್ಕರು. ಬೋಳು ತಲೆಗೆ ಹಾಕಿಕೊಳ್ಳುವ ಹತ್ತಿಯ ಟೋಪಿಯನ್ನೂ ಇಸ್ತ್ರಿ ಮಾಡದೆ ಹಾಕಿಕೊಂಡವರಲ್ಲ ಅವರು. ಆ ದಿನಗಳಲ್ಲಿ ಅಂಗಡಿಯ ವಾಸನೆಗೇ ಹೊಟ್ಟೆ ತೊಳಸಿ ಬರುತ್ತಿತ್ತು ಅವರಿಗೆ. ಬಾಗಿಲ ಹೊರಗೆ ಕುರ್ಚಿ ಹಾಕಿಸಿಕೊಂಡು, ಅಲ್ಲಿಂದಲೇ ನನ್ನ ಮಡಿಕೆಗಳಲ್ಲಿ ತಪ್ಪು ಹುಡುಕುತ್ತಿದ್ದರು. ತಪ್ಪು ಹುಡುಕುವಷ್ಟು ಜೀವ ಇದೆಯಲ್ಲ ಎಂದು ನಾನು ಮೊದಲ ಸಲ ಸಂತೋಷಪಟ್ಟೆ.

ಕೀಮೋ ಮುಗಿದು ರೇಡಿಯೇಷನ್ ಸರದಿ ಬಂತು. ಮೊದಲು ಮಾವನನ್ನು ಮಲಗಿಸಿ, ಎರಡೂ ಕೈ ತಲೆಯ ಮೇಲಕ್ಕೆ ಎತ್ತಿಸಿ, ಸ್ಕ್ಯಾನ್ ಮಾಡಿ ಅಳತೆ ತೆಗೆದರು. ಆಮೇಲೆ ಎದೆಯ ನಡುವೆ ಒಂದು, ಎರಡು ಪಕ್ಕೆಗೆ ಒಂದೊಂದು, ನೇರಳೆ ಶಾಯಿಯಲ್ಲಿ ಕೂಡಿಸು ಗುರುತಿನಂಥ ಗೆರೆ ಬರೆದರು. ಬರೆದವಳು ಮೆಷಿನ್ ನಡೆಸುವ ಹುಡುಗಿ. ಸಣ್ಣ ಮೈ, ದೊಡ್ಡ ದನಿ. "ಅಂಕಲ್, ದಿನಾ ಈ ಗೆರೆ ನೋಡ್ಕೊಂಡೇ ನಿಮ್ಮನ್ನ ಮೆಷಿನ್ ಕೆಳಗೆ ಸರಿಯಾಗಿ ಮಲಗಿಸೋದು. ಅಲ್ಲಿಗೆ ಸೋಪು ಹಾಕಬೇಡಿ, ಉಜ್ಜಬೇಡಿ. ಮಸುಕಾದ್ರೆ ನಮಗೆ ಹೇಳಿ, ನಾವು ಬರೀತೀವಿ" ಎಂದಳು.

ಡಾಕ್ಟರಮ್ಮ ಇನ್ನೂ ಬಿಡಿಸಿ ಹೇಳಿದರು. "ನಿಮ್ಮದು ಎಡಗಡೆ. ಕೆಳಗೇ ಹೃದಯ ಇದೆ, ಶ್ವಾಸಕೋಶ ಇದೆ. ಕಿರಣ ಬೀಳಬೇಕಾದಲ್ಲಿ ಬಿದ್ರೆ ಔಷಧಿ, ಸರಿದು ಬಿದ್ರೆ ಹಾನಿ. ಒಂದು ಕಡೆ ಕಾಯಿಲೆ ಉಳಿಯುತ್ತೆ, ಇನ್ನೊಂದು ಕಡೆ ಹೃದಯಕ್ಕೆ ಪೆಟ್ಟು ಬೀಳುತ್ತೆ. ಆ ಗೆರೆ ಜೋಪಾನ. ಇನ್ನೊಂದು, ಮಧ್ಯೆ ತಪ್ಪಿಸಬಾರದು." ಮಾವ ವಿಧೇಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದರು. ಮೊದಲ ವಾರ ಎಲ್ಲ ಸುಸೂತ್ರವಾಗಿ ನಡೆಯಿತು. ಮೆಷಿನ್ ಸುತ್ತ ತಿರುಗುತ್ತದೆ, ಏನೂ ಗೊತ್ತಾಗುವುದಿಲ್ಲ, ಬಟ್ಟೆ ಬಿಚ್ಚಿ ಹಾಕಿಕೊಳ್ಳುವುದೇ ಹೆಚ್ಚು ಹೊತ್ತು ಎಂದು ಮಾವ ಅತ್ತೆಗೆ ಬಣ್ಣಿಸಿದರು.

ವಾರದ ಕೊನೆಯಲ್ಲಿ ರೇಡಿಯೇಷನ್ ವಿಭಾಗಕ್ಕೆ ರಜೆ. ಭಾನುವಾರ ನಾನು ಅಂಗಡಿಯಲ್ಲಿದ್ದೆ, ಅತ್ತೆ ಪಕ್ಕದ ಮನೆಗೆ ಹೋಗಿದ್ದರು. ಆಗ ಮನೆಯಲ್ಲಿ ಏನು ನಡೆಯಿತೆಂಬುದು ನಮಗೆ ತಿಳಿದದ್ದು ಆಮೇಲೆ. ಮಾವ ಬನಿಯನ್ ಬದಲಿಸುವಾಗ ನೋಡುತ್ತಾರೆ, ಒಳಗಡೆ ನೇರಳೆ ಬಣ್ಣ ಹತ್ತಿದೆ. ಕಲೆಯಾದ ಬನಿಯನ್ನನ್ನು ಅವರು ಜೀವಮಾನದಲ್ಲಿ ತೊಟ್ಟವರಲ್ಲ. ಬನಿಯನ್ನಿನ ಕಲೆಯನ್ನು ಕ್ಷಣದಲ್ಲಿ ತೆಗೆದರು. ಕನ್ನಡಿಯಲ್ಲಿ ನೋಡಿದರೆ ಎದೆಯ ಮೇಲೂ ಗೆರೆಗಳ ಸುತ್ತ ಶಾಯಿ ಹರಡಿ ರಾಡಿಯಾಗಿದೆ. ಉಜ್ಜಬಾರದು ಎಂಬುದು ಅವರಿಗೆ ಚೆನ್ನಾಗಿ ನೆನಪಿತ್ತು. ಆದರೆ ಗೆರೆಯನ್ನು ಮುಟ್ಟದೆ ಅದರ ಸುತ್ತಲಿನ ರಾಡಿಯನ್ನು ಮಾತ್ರ ತೆಗೆಯುವುದು ಅವರಿಗೆ ಯಾವ ಮಹಾ? ಹತ್ತಿಯ ಉಂಡೆಗೆ ಸ್ಪಿರಿಟ್ ಅದ್ದಿದರು. ಬಟ್ಟೆಯ ಮೇಲೆ ಅವರ ಮಾತು ಕೇಳುವ ಸ್ಪಿರಿಟ್ ಬೆವರಿದ ಚರ್ಮದ ಮೇಲೆ ತನ್ನ ದಾರಿ ತಾನು ನೋಡಿಕೊಂಡಿತು. ಒಂದು ಗೆರೆ ಅರ್ಧ ಹೋಯಿತು. ಅದನ್ನು ಸರಿಮಾಡಲು ಹೋಗಿ ಉಳಿದರ್ಧವೂ ಹೋಯಿತು. ಪಕ್ಕೆಯವೂ ಕಲಸಿಹೋದವು. ಕೊನೆಗೆ ಎದೆ ತೊಳೆದಿಟ್ಟ ತಟ್ಟೆಯಂತಾಯಿತು.

ಮಾವನಿಗೆ ಜೀವವೇ ಬಾಯಿಗೆ ಬಂತಂತೆ. ಹೇಳಿದರೆ ಚಿಕಿತ್ಸೆ ನಿಲ್ಲಿಸಿಬಿಡುತ್ತಾರೆ, ಹೇಳಿದ ಮಾತು ಕೇಳದವನೆಂದು ಮನೆಗೆ ಕಳಿಸಿಬಿಡುತ್ತಾರೆ ಎಂದು ಹೆದರಿದರು. ನನ್ನ ಬಾಯಿಗೂ ಹೆದರಿದರು. ಅಂಗಡಿಯ ಪೆನ್ನು ತಂದು, ಕನ್ನಡಿಯ ಮುಂದೆ ನಿಂತು, ನೆನಪಿನಲ್ಲಿದ್ದ ಜಾಗಕ್ಕೆ ತಾವೇ ಹೊಸ ಗೆರೆಗಳನ್ನು ಬರೆದುಕೊಂಡರು.

ಸೋಮವಾರ ಎಂದಿನಂತೆ ಹೋದೆವು. ದಾರಿಯುದ್ದಕ್ಕೂ ಮಾವ ಅಂಗಿಯ ಗುಂಡಿಗಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಅವರನ್ನು ಒಳಗೆ ಕರೆದರು. ಬೇರೆ ದಿನವಾದರೆ ನಾನು ಬೆಂಚಿಗೆ ಬೆನ್ನು ಆನಿಸುವಷ್ಟರಲ್ಲಿ ಹೊರಗೆ ಬರುತ್ತಿದ್ದರು. ಅವತ್ತು ಬರಲಿಲ್ಲ. ಬಾಗಿಲ ಮೇಲಿನ ಕೆಂಪು ದೀಪವೂ ಹತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಮೆಷಿನ್ ಹುಡುಗಿ ಹೊರಗೆ ಬಂದು, "ಅಂಕಲ್ ಜೊತೆ ಬಂದಿರೋರು ನೀವೇ ಅಲ್ವಾ? ಸ್ವಲ್ಪ ಒಳಗೆ ಬನ್ನಿ" ಎಂದಳು.

ಒಳಗೆ ಮಾವ ಕೈ ಮೇಲೆತ್ತಿಕೊಂಡು ಮಲಗಿದ್ದರು. ಗೋಡೆಯಿಂದ ಬಂದ ತೆಳುವಾದ ಬೆಳಕಿನ ಗೆರೆಗಳು ಅವರ ಎದೆಯ ಮೇಲೆ ಬಿದ್ದಿದ್ದವು. ಹುಡುಗಿ ನನಗೆ ತೋರಿಸಿದಳು. "ನೋಡಿ, ಈ ಬೆಳಕು ಮೂರೂ ಗೆರೆಗಳ ಮೇಲೆ ಒಟ್ಟಿಗೆ ಕೂರಬೇಕು. ನಡುವಿನದಕ್ಕೆ ಕೂರಿಸಿದ್ರೆ ಪಕ್ಕದ್ದು ತಪ್ಪುತ್ತೆ, ಪಕ್ಕದ್ದಕ್ಕೆ ಕೂರಿಸಿದ್ರೆ ನಡುವಿನದು ತಪ್ಪುತ್ತೆ. ಆಮೇಲೆ ಈ ಗೆರೆ ನೋಡಿ, ನಮ್ಮ ಶಾಯಿ ನೇರಳೆ, ಇದು ಕಪ್ಪು. ಅದೂ ಎಷ್ಟು ಚೆಂದ ಇದೆ! ನಮ್ಮಲ್ಲಿ ಯಾರೂ ಇಷ್ಟು ಚೆಂದ ಬರೆಯಲ್ಲ. ಅಂಕಲ್‌ನ ಕೇಳಿದ್ರೆ ನಾವೇ ಬರೆದಿದ್ದು ಅಂತಾರೆ."

ನಾನು ಒಂದೇ ನೋಟಕ್ಕೆ ಗುರುತಿಸಿದೆ. ದಿನಾ ಕಾಲರಿನ ಒಳಪಟ್ಟಿಯಲ್ಲಿ ನೋಡುವ ಕೈಬರಹ ಅದು.

"ಮಾವ" ಎಂದೆ. ಬೈಯಬೇಕೆಂದೇ ಬಾಯಿ ತೆರೆದದ್ದು, ಆದರೆ ದನಿ ನಡುಗಿಬಿಟ್ಟಿತು. "ಮಾವ, ಏನಾಯ್ತು ಹೇಳಿಬಿಡಿ. ಕೆಳಗೆ ಹೃದಯ ಇದೆ."

ಮಾವ ಚಾವಣಿಯನ್ನೇ ನೋಡುತ್ತಿದ್ದರು. ಮಲಗಿದ್ದವರ ಕಣ್ಣಿನ ನೀರು ಎರಡೂ ಕಡೆಯಿಂದ ಕಿವಿಗಿಳಿಯಿತು. "ನಾನೇ ಅಳಿಸಿದ್ದು ಕಣಮ್ಮ. ನಾನೇ ಬರ್ಕೊಂಡಿದ್ದು. ಅಂಗಡಿ ಪೆನ್ನಲ್ಲಿ" ಎಂದು ಎಲ್ಲವನ್ನೂ ಹೇಳಿದರು. ಹೇಳಿ ಮುಗಿಸಿ, "ನನ್ನನ್ನ ಕಳಿಸಿಬಿಡ್ತೀರಾ?" ಎಂದು ಮಗುವಿನ ಹಾಗೆ ಕೇಳಿದರು.

ಆ ಹುಡುಗಿ ಅವರ ಎತ್ತಿದ ಕೈಗಳನ್ನು ಮೆಲ್ಲಗೆ ಕೆಳಗಿಳಿಸಿ, ಎದೆಯ ಮೇಲೆ ಬಿಳಿ ಹೊದಿಕೆ ಎಳೆದಳು. "ಎಲ್ಲಿಗೆ ಕಳಿಸೋದು ಅಂಕಲ್? ಮತ್ತೆ ಸ್ಕ್ಯಾನ್ ಮಾಡಿ ಮತ್ತೆ ಬರೀತೀವಿ, ಅಷ್ಟೇ. ನೀವು ಕನ್ನಡಿ ಮುಂದೆ ನಿಂತು ಬರ್ಕೊಂಡ್ರಿ. ನಾವು ಬರೆಯೋದು ನೀವು ಮಲಗಿ ಕೈ ಎತ್ತಿದಾಗ. ನಿಂತ್ಕೊಂಡ್ರೆ ಚರ್ಮ ಜಾರುತ್ತೆ, ಗೆರೆ ಜಾಗ ಬಿಡುತ್ತೆ. ಅದಕ್ಕೇ ಬೆಳಕು ಕೂರಲಿಲ್ಲ."

ಮಾವನ ಮುಖದಲ್ಲಿ ಅಂಥ ಹೊತ್ತಲ್ಲೂ ಏನೋ ಹೊಳೆಯಿತು. ನೇತು ಹಾಕಿದ ಬಟ್ಟೆಗೆ ಗುರುತು ಹಾಕಬಾರದೆಂದು ನನಗೆ ಎಷ್ಟು ಸಲ ಗದರಿದ್ದರೋ ಅವರು!

ಡಾಕ್ಟರಮ್ಮ ಬಂದರು. ಕಥೆ ಕೇಳಿ ಮೊದಲು ನಗು ತಡೆದುಕೊಂಡರು, ಆಮೇಲೆ ಗಂಭೀರವಾದರು. "ಇವಳು ಗಮನಿಸದೇ ಇದ್ದಿದ್ರೆ ಇವತ್ತಿಂದ ದಿನಾ ತಪ್ಪು ಜಾಗಕ್ಕೆ ಹೋಗ್ತಿತ್ತು. ಯಾಕೆ ಹೇಳಲಿಲ್ಲ? ನಾವೇನು ಹುಲಿಯಾ ಕರಡಿಯಾ? ನಿಜ ಗೊತ್ತಿದ್ರೆ ತಾನೆ ನಾವು ಸರಿಮಾಡೋಕಾಗೋದು?" ಮಾವ ತಲೆ ಎತ್ತಲಿಲ್ಲ. ಗಿರಾಕಿಗಳಿಗೆ ತಾವು ಹೇಳುವ ಮಾತನ್ನು ತಾವೇ ಹೇಳಿಸಿಕೊಂಡ ಮನುಷ್ಯ ಇನ್ನೇನು ಮಾಡಿಯಾರು.

ಮತ್ತೆ ಸ್ಕ್ಯಾನ್ ಆಯಿತು, ಹೊಸ ಗೆರೆಗಳು ಬಿದ್ದವು. ಚಿಕಿತ್ಸೆ ಒಂದು ದಿನ ಮಾತ್ರ ತಡವಾಯಿತು. ಈಗ ಇನ್ನೊಂದು ಪೀಕಲಾಟ. ಅಂಗಡಿಯ ಶಾಯಿ ಹೋಗುವ ಜಾತಿಯದಲ್ಲ. ಅದನ್ನು ತೆಗೆಯುವ ದ್ರಾವಣ ಮಾವನ ಹತ್ತಿರ ಇದ್ದೇ ಇತ್ತು, ಆದರೆ ಕಿರಣ ಬೀಳುವ ಚರ್ಮಕ್ಕೆ ಅಂಥದ್ದೆಲ್ಲ ಹಚ್ಚುವ ಹಾಗಿಲ್ಲ. ಕೊನೆಗೆ ಆ ಹುಡುಗಿ ನಿಜವಾದ ಗೆರೆಗಳನ್ನು ಕೆಂಪು ಬಣ್ಣದಲ್ಲಿ ಬರೆದು, ನಡುವೆ ಹಚ್ಚೆಯ ಸಣ್ಣ ಚುಕ್ಕಿಗಳನ್ನಿಟ್ಟಳು. "ಇದನ್ನ ಅಳಿಸಿ ನೋಡೋಣ" ಎಂದು ಮಾವನ ಕಡೆ ಕಣ್ಣರಳಿಸಿದಳು. ಮಾವನ ಎದೆ ಅಡ್ಡಾದಿಡ್ಡಿ ಗೆರೆಗಳ ಮಗ್ಗಿಪುಸ್ತಕವಾಯಿತು. ಚಿಕಿತ್ಸೆ ಮುಗಿಯುವ ತನಕ ಅತ್ತೆ ಅವರಿಗೆ ಬಣ್ಣದ ಬನಿಯನ್ ಮಾತ್ರ ಕೊಟ್ಟರು, ಬಿಳಿಯವನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿದರು.

ಕೊನೆಕೊನೆಗೆ ಚರ್ಮ ಬಿಸಿಲಿಗೆ ಸುಟ್ಟಂತೆ ಕಪ್ಪಾಯಿತು, ಸುಸ್ತು ಬಿಡಲಿಲ್ಲ. ಆದರೂ ಒಂದು ದಿನವೂ ತಪ್ಪಿಸಲಿಲ್ಲ ಅವರು. ಮೆಷಿನ್ ಕೋಣೆಗೆ ಹೋದ ಕೂಡಲೇ, ಕೇಳದಿದ್ದರೂ, "ನಿನ್ನೆ ಸ್ನಾನ ಮಾಡಿದೆ, ನೀರು ಮಾತ್ರ. ಬೆವರಿದೆ, ಒರೆಸಿಲ್ಲ" ಎಂದು ವರದಿ ಒಪ್ಪಿಸುತ್ತಿದ್ದರಂತೆ. ಅಂಗಡಿಯಲ್ಲೂ ಬದಲಾದರು. ಒಂದು ಬೆಳಗ್ಗೆ ಚಪ್ಪಲಿ ರಿಪೇರಿಯವನು ಎಣ್ಣೆಯ ವಿಷಯ ತೆಗೆದಾಗ, "ಹೃದಯ ಗಟ್ಟಿಯಾಗಿದೆ ಮಾರಾಯ. ನನಗಾಗಿದ್ದು ಸ್ತನ ಕ್ಯಾನ್ಸರ್. ನಿನಗೂ ಅಲ್ಲಿ ಗಂಟು ಗಿಂಟು ಸಿಕ್ಕಿದ್ರೆ ಮುಚ್ಚಿಟ್ಕೋಬೇಡ" ಎಂದರು. ಅವನು ನಿಂತಲ್ಲೇ ಅಂಗಿಯೊಳಗೆ ಕೈ ಹಾಕಿ ಮುಟ್ಟಿ ನೋಡಿಕೊಂಡ.

ರೇಡಿಯೇಷನ್ ಮುಗಿದ ಮೇಲೆ ದಿನಕ್ಕೊಂದು ಹಾರ್ಮೋನ್ ತಡೆಯುವ ಮಾತ್ರೆ ಬರೆದುಕೊಟ್ಟರು, ಅದನ್ನು ವರ್ಷಗಟ್ಟಲೆ ನುಂಗಬೇಕು. ಆಗಾಗ ಹೋಗಿ ತೋರಿಸಬೇಕು, ಅದಕ್ಕೆ ಫಾಲೋಅಪ್ ಅನ್ನುತ್ತಾರೆ. ಮೊನ್ನೆ ಹಾಗೆ ಹೋಗಿದ್ದೆವು. ಮಾವನ ತಲೆಗೆ ಕೂದಲು ಬಂದಿದೆ, ಮೊದಲಿಗಿಂತ ಗುಂಗುರಾಗಿ. ಡಾಕ್ಟರಮ್ಮ ಪರೀಕ್ಷೆಗಳನ್ನೆಲ್ಲ ನೋಡಿ, "ರೆಮಿಷನ್. ಕಾಯಿಲೆಯ ಸುಳಿವು ಎಲ್ಲೂ ಇಲ್ಲ" ಎಂದರು.

"ಅಂದ್ರೆ ಹೋಯ್ತು ಅಂತಾನಾ ಮೇಡಂ?"

"ಇವತ್ತು ಎಲ್ಲೂ ಕಾಣ್ತಿಲ್ಲ ಅಂತ. ಪೂರ್ತಿ ಹೋಯ್ತು ಅನ್ನೋಕೆ ಇನ್ನೂ ಕೆಲವು ವರ್ಷ ನೋಡಬೇಕು. ತಿರುಗಿ ಬಂದ್ರೆ ರಿಲ್ಯಾಪ್ಸ್ ಅಂತೀವಿ, ಅದು ಬಾರದೇ ಇರಲಿ ಅಂತಲೇ ಮಾತ್ರೆ."

"ಇವತ್ತಿಂದು ಸಾಕು" ಎಂದು ಮಾವ ಕೈ ಮುಗಿದರು. ಆ ಡಾಕ್ಟರಮ್ಮನಿಗೆ ನಾನೇನು ಹೇಳಲಿ? ಮಾವನ ಒಂದು ಪ್ರಶ್ನೆಗೂ ಬೇಸರ ಮಾಡಿಕೊಳ್ಳದ ಆ ತಾಯಿ ನೂರು ಕಾಲ ಬಾಳಲಿ ಎಂದು ಮನಸ್ಸಿನಲ್ಲೇ ಹರಸಿದೆ.

ಮೆಷಿನ್ ಹುಡುಗಿಯನ್ನು ನೋಡದೆ ಹೋಗುವುದಿಲ್ಲ ಎಂದರು ಮಾವ. ರೇಡಿಯೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಕಾದು ಕೂತೆವು. ಮಾವನ ಪಕ್ಕದಲ್ಲಿ ಒಬ್ಬ ಹೆಂಗಸು, ತಲೆಗೆ ಬಟ್ಟೆ ಕಟ್ಟಿದ್ದರು. ಹೊಸದಾಗಿ ಗೆರೆ ಹಾಕಿಸಿಕೊಂಡವರೆಂದು ಕಾಣುತ್ತದೆ, ಕುತ್ತಿಗೆಯ ಹತ್ತಿರ ಬಟ್ಟೆಯನ್ನು ಮೈಗೆ ತಗಲದಂತೆ ಎತ್ತಿ ಹಿಡಿದಿದ್ದರು. ಸುಮ್ಮನೆ ಕೂರಲಾರದೆ ಅವರೇ ಮಾತು ತೆಗೆದರು.

"ಈ ಗೆರೆ ಅಳಿಸಿಹೋದ್ರೆ ಅಂತ ಭಯ ಸಾರ್. ಒಳಗಿನ ಹುಡುಗಿ ಒಂದು ಕಥೆ ಹೇಳಿದ್ಲು. ಯಾರೋ ಇಸ್ತ್ರಿ ಅಂಗಡಿಯವನಂತೆ. ಗೆರೆಯೆಲ್ಲ ಉಜ್ಜಿ ತೆಗೆದು, ಕನ್ನಡಿ ಮುಂದೆ ನಿಂತು ತಾನೇ ಬರ್ಕೊಂಡು ಬಂದಿದ್ದನಂತೆ! ಎಂಥ ಆಸಾಮಿ ಇರಬೇಕು ಹೇಳಿ!"

ನಾನು ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿದೆ. ಮಾವ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ತಲೆಕೆಟ್ಟೋನು ಇರಬೇಕು" ಎಂದರು.

"ಹೊಸದಾಗಿ ಬಂದೋರಿಗೆಲ್ಲ ಅವನ ಕಥೆ ಹೇಳ್ತಾಳಂತೆ. ಕಾಯಿಲೆ ಅಂತ ಗೊತ್ತಾದ ಮೇಲೆ ನಾನು ನಕ್ಕಿದ್ದು ಅವತ್ತೇ." ಹೇಳುತ್ತ ಹೇಳುತ್ತ ಅವರ ಮುಖ ಸಪ್ಪಗಾಯಿತು. "ಆಮೇಲೆ ಮನೆಗೆ ಹೋಗಿ ಕೂತಾಗ ಯೋಚನೆ ಬಂತು. ಪಾಪ, ಅವನು ಏನಾದನೋ. ಇದ್ದಾನೋ ಇಲ್ವೋ. ಅವಳನ್ನ ಕೇಳೋಕೆ ಧೈರ್ಯ ಆಗಲಿಲ್ಲ."

ಮಾವ ಅವರ ಕಡೆ ಪೂರ್ತಿ ತಿರುಗಿ ಕೂತರು.

"ಇದ್ದಾನಮ್ಮ. ಬೆಳಗ್ಗೆ ಹೊಟ್ಟೆ ತುಂಬ ತಿಂದು, ಸೊಸೆ ಕೈಲಿ ಬೈಸಿಕೊಂಡು, ಬಸ್ ಹತ್ತಿ ಬಂದು ನಿಮ್ಮ ಪಕ್ಕ ಕೂತಿದ್ದಾನೆ."

ಆಕೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಮಾವನ ಗುಂಗುರು ಕೂದಲಿನಿಂದ ಕಾಲಿನ ಚಪ್ಪಲಿಯ ತನಕ ನೋಡಿದರು, ನನ್ನನ್ನು ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ. ಅವರು ನಗಲೂ ಇಲ್ಲ, ಅಳಲೂ ಇಲ್ಲ. ಎರಡೂ ಕೈಯಿಂದ ಮಾವನ ಕೈ ಹಿಡಿದುಕೊಂಡರು, ಒಳಗಿನಿಂದ ತಮ್ಮ ಹೆಸರು ಕೂಗುವ ತನಕ ಬಿಡಲಿಲ್ಲ.